ಎರಡು ತಲೆಯ ಬೋರ್ಡು ಮತ್ತು ಭಾವನ ಗಂಟಲು

"ರೀ, ಆ ಸಣ್ಣ ಸ್ಕ್ರೂಡ್ರೈವರ್ ಕೊಡು ಅಂತ ಅವಳಿಗೆ ಹೇಳಿ."

ಅಕ್ಕ ಹೀಗೆ ಹೇಳಿದಾಗ ಆ 'ಅವಳು', ಅಂದರೆ ತಂಗಿ, ಅಕ್ಕನ ಮೊಣಕೈ ತಾಗುವಷ್ಟು ಹತ್ತಿರದಲ್ಲಿ, ಅದೇ ಮೇಜಿನ ಮುಂದೆ, ಅದೇ ದೀಪದ ಕೆಳಗೆ ಕೂತಿದ್ದಳು. ಹೇಳಬೇಕಾದ ಅಕ್ಕನ ಗಂಡ, ತಂಗಿಯ ಭಾವ, ಇದ್ದದ್ದು ಅಂಗಡಿಯ ಆ ತುದಿಯಲ್ಲಿ, ಗಲ್ಲಾದ ಹಿಂದೆ. ಅವರು ಬರೆಯುತ್ತಿದ್ದ ಬಿಲ್ಲನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದರು. ಇಬ್ಬರ ಬೆನ್ನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ನಿಮ್ಮಕ್ಕನಿಗೆ ಆ ಸಣ್ಣ ಸ್ಕ್ರೂಡ್ರೈವರ್ ಬೇಕಂತೆ. ದಯವಿಟ್ಟು ಅಂದಳು."

"ದಯವಿಟ್ಟು ಅಂದಿದ್ದು ನನಗೆ ಕೇಳಿಸಲಿಲ್ಲ ಭಾವ. ಇದು ನಾನು ತಂದಿಟ್ಟುಕೊಂಡಿರೋದು. ಬೇಕಾದರೆ ಅವಳೂ ಒಂದು ತಂದುಕೊಳ್ಳಲಿ ಅಂತ ಹೇಳಿ."

ಭಾವ ಅಕ್ಕನ ಕಡೆ ತಿರುಗಿದರು. "ಒಂದು ನಿಮಿಷ ಬಿಟ್ಟು ಕೊಡ್ತಾಳಂತೆ."

ಅಕ್ಕ ಮೂಗು ಮುರಿದಳು. ತಂಗಿ ಹಲ್ಲು ಕಚ್ಚಿದಳು. ಭಾವ ಮತ್ತೆ ಗಲ್ಲಾದ ಹತ್ತಿರ ಹೋಗಿ ಇನ್ನೇನು ಕೂರಬೇಕು, ಅಷ್ಟರಲ್ಲಿ ಮತ್ತೆ "ರೀ" ಎಂಬ ಕೂಗು. ಪಾಪ, ಆ ಮನುಷ್ಯ ಮದುವೆಗೆ ಮುಂಚೆ ಮಿತಭಾಷಿ ಎಂದು ಹೆಸರು ಮಾಡಿದ್ದರು. ಈಗ ದಿನವಿಡೀ ಇಬ್ಬರು ಹೆಂಗಸರ ಮಾತನ್ನು ಒಬ್ಬರೇ ಆಡಬೇಕಾಗಿ ಬಂದು ಅವರ ಧ್ವನಿ ಹಳೆಯ ಬಾಗಿಲಿನ ಕೀಲಿನಂತಾಗಿತ್ತು.

ಅದು ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ. ಅಕ್ಕ ಶುರು ಮಾಡಿದ್ದು, ತಂಗಿ ಶಾಲೆಯ ಯೂನಿಫಾರ್ಮಿನಲ್ಲೇ ಬಂದು ಅಕ್ಕನ ಪಕ್ಕ ಕೂತು ಕಲಿತದ್ದು. ಅಕ್ಕತಂಗಿಯರಿಬ್ಬರ ಕೈಯಲ್ಲಿ ತಯಾರಾದ ಮಷೀನು ಕೆಟ್ಟಿತೆಂದು ಯಾರೂ ಹೊತ್ತು ತಂದ ನೆನಪಿಲ್ಲ. ಅಂಥವರು ಮಾತು ಬಿಟ್ಟದ್ದು ಯಾಕೆ ಎಂದರೆ, ಹೇಳುವುದಕ್ಕೂ ನಾಚಿಕೆಯಾಗುವಷ್ಟು ಸಣ್ಣ ವಿಷಯಕ್ಕೆ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ತಲೆ. ಅದು ಕೆಲಸ ಮಾಡುತ್ತಾ ಕಾಯುತ್ತದೆ. ಕಾದ ತಲೆಯನ್ನು ತಣ್ಣಗಿಡಲು ಅದರ ಮೇಲೊಂದು ಕೂಲರ್ ಕೂರಿಸುತ್ತಾರೆ. ತಲೆಗೂ ಕೂಲರಿಗೂ ನಡುವೆ ಬೂದುಬಣ್ಣದ ಪೇಸ್ಟು. ಈ ಪೇಸ್ಟನ್ನು ನಡುವಿನಲ್ಲಿ ಒಂದು ಬೊಟ್ಟು ಇಟ್ಟು, ಕೂಲರನ್ನು ಒತ್ತಿ ಕೂರಿಸಿ, ತಾನಾಗಿ ಹರಡಲು ಬಿಡಬೇಕು ಎನ್ನುವುದು ಅಕ್ಕನ ಮತ. ಅಂಚಿನಿಂದ ಅಂಚಿಗೆ ಪ್ಲಾಸ್ಟಿಕ್ ಕಾರ್ಡಿನಲ್ಲಿ ತೆಳ್ಳಗೆ ಸವರಬೇಕು ಎನ್ನುವುದು ತಂಗಿಯ ಮತ. ಈ ಒಂದು ಬೊಟ್ಟು ಪೇಸ್ಟಿನ ವಿಷಯದಲ್ಲಿ ಲೋಕದಲ್ಲಿ ಎಷ್ಟು ಜನ ಹೊಡೆದಾಡಿಕೊಳ್ಳುತ್ತಾರೋ ದೇವರಿಗೇ ಗೊತ್ತು. ಮಾಡಲು ಬೇರೆ ಕೆಲಸವಿಲ್ಲವೇ ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ.

ಒಂದು ದಿನ ಗಿರಾಕಿಯ ಎದುರಿಗೇ ಅಕ್ಕ ಒಂದು ಕೂಲರ್ ಎತ್ತಿದಳು. ತಂಗಿ ಸವರಿದ್ದ ಪೇಸ್ಟನ್ನು ನೋಡಿ, "ಗೋಡೆಗೆ ಸುಣ್ಣ ಹೊಡೆದ ಹಾಗೆ ಹೊಡೆದಿದ್ದಾಳೆ" ಎಂದು ಬಟ್ಟೆಯಲ್ಲಿ ಒರೆಸಿಹಾಕಿದಳು. ಗಿರಾಕಿ ನಕ್ಕರು. ತಂಗಿ ಸುಮ್ಮನಿರಬಹುದಿತ್ತು. "ನೀನು ಹಾಕಿದರೆ ಹಕ್ಕಿ ಹಾರಿಹೋಗುವಾಗ ಹಾಕಿದ ಹಾಗಿರುತ್ತೆ" ಎಂದುಬಿಟ್ಟಳು. ಗಿರಾಕಿ ಕುರ್ಚಿಯಿಂದ ಜಾರುವಷ್ಟು ನಕ್ಕರು. ತಂಗಿ ಎದುರುತ್ತರ ಕೊಟ್ಟದ್ದನ್ನು ಅಕ್ಕ ಕ್ಷಮಿಸುತ್ತಿದ್ದಳೋ ಏನೋ. ಎರಡನೇ ನಗು ಮೊದಲನೆಯದಕ್ಕಿಂತ ದೊಡ್ಡದಾಗಿದ್ದನ್ನು ಕ್ಷಮಿಸಲಾರದೆ ಹೋದಳು. ಅಂದಿನಿಂದ ಎಣ್ಣೆ ಸೀಗೆಕಾಯಿ. ತಂಗಿ ಅಕ್ಕನ ಮನೆಯಲ್ಲಿದ್ದ ತನ್ನ ಬಟ್ಟೆಬರೆ ಕಟ್ಟಿಕೊಂಡು ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಅಲ್ಲಿಂದ ಮುಂದೆ ಮನೆಯಲ್ಲಿ ಅಕ್ಕ ಆಡಿದ ಮಾತು, ಕೋಣೆಯಲ್ಲಿ ತಂಗಿ ಆಡಿದ ಮಾತು, ಎರಡೂ ಭಾವನ ಬಾಯಿಂದಲೇ ಅತ್ತಿಂದಿತ್ತ ಓಡಾಡಬೇಕಾಯಿತು.

ಈ ವಾರ ತಂಗಿ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಎರಡು ಬೀದಿ ಆಚೆ ಒಂದು ಖಾಲಿ ಮಳಿಗೆ ನೋಡಿ, ತನ್ನದೇ ಅಂಗಡಿ ತೆರೆಯುತ್ತೇನೆಂದು ಮಾತಾಡಿ ಬಂದಿದ್ದಳು. ನಿಜ ಹೇಳಬೇಕೆಂದರೆ ಆ ಮಳಿಗೆ ಅವಳಿಗೆ ಬೇಕಾಗಿರಲಿಲ್ಲ. ಅದರ ಗೋಡೆಗೆ ತೇವ ಹಿಡಿದಿತ್ತು, ಕಿಟಕಿಯೊಂದೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಕ್ಕ ಒಂದು ಸಲ "ಹೋಗಬೇಡ" ಎನ್ನುವುದು. ಅದಕ್ಕೆಂದೇ ಭಾವನ ಹತ್ತಿರ ವಿಷಯ ಹೇಳಿ ಕಳಿಸಿ, ಆ ರಾತ್ರಿಯೆಲ್ಲ ಅಕ್ಕ ಏನಂದಾಳು ಎಂದು ಹೊರಳಾಡಿದ್ದಳು.

ಬೆಳಿಗ್ಗೆ ಭಾವ ಕೋಣೆಯ ಬಾಗಿಲಲ್ಲಿ ನಿಂತು, ಚಪ್ಪಲಿ ನೋಡುತ್ತಾ ಹೇಳಿದ್ದರು: "ಹೋಗಿ ಬರಲಿ, ಒಳ್ಳೇದಾಗಲಿ ಅಂದಳಮ್ಮ ನಿಮ್ಮಕ್ಕ."

ಒಳ್ಳೇದಾಗಲಿ! ಅಕ್ಕ ಹುಟ್ಟಿದಾಗಿನಿಂದ ಯಾರಿಗೂ ಒಳ್ಳೇದಾಗಲಿ ಎಂದವಳಲ್ಲ. ಪರೀಕ್ಷೆಗೆ ಹೊರಟ ತಂಗಿಗೆ "ಪೆನ್ನು ಮರೆತರೆ ಮನೆಗೆ ಬರಬೇಡ" ಎಂದು ಹರಸಿ ಕಳಿಸಿದವಳು ಅವಳು. ಅಂಥವಳ ಬಾಯಲ್ಲಿ ಈ ನಯವಾದ ಮಾತು ಬಂದಿದೆ ಎಂದರೆ ತಾನು ಇನ್ನು ಅವಳಿಗೆ ಹೊರಗಿನವಳೇ ಎಂದು ತಂಗಿಗೆ ಅನ್ನಿಸಿತು. ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಖ ತೊಳೆದು, ಮಳಿಗೆಯ ಮಾಲೀಕನಿಗೆ ಫೋನು ಮಾಡಿ, ವಾರದ ಕೊನೆಗೆ ಬೀಗದ ಕೈ ತೆಗೆದುಕೊಳ್ಳುತ್ತೇನೆ ಎಂದಳು.

ಹೀಗಿರುವಾಗ ಆ ಬೋರ್ಡು ಬಂತು.

ತರಿಸಿದವರು ಹಲ್ಲಿನ ಡಾಕ್ಟರು. ಬೀದಿಯ ತಿರುವಿನಾಚೆಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರ ಆಸ್ಪತ್ರೆ. ಹಗಲು ಹಲ್ಲು ಕೀಳುವುದು, ಉಳಿದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಕಾರ್ಟೂನ್ ಸಿನಿಮಾ ಮಾಡುವುದು. ದವಡೆಯ ಕೊನೆಯಲ್ಲಿ ತಡವಾಗಿ ಹುಟ್ಟಿ, ಯಾರಿಗೂ ಬೇಡವಾದ ಒಂದು ಬುದ್ಧಿಹಲ್ಲು ಅವರ ಸಿನಿಮಾದ ನಾಯಕ. ಅದರ ಕಥೆ ಹೇಳುವಾಗ ಡಾಕ್ಟರ ಕಣ್ಣು ಒದ್ದೆಯಾಗುತ್ತಿತ್ತು. ತಾವೇ ಎಷ್ಟು ಬುದ್ಧಿಹಲ್ಲು ಕಿತ್ತಿದ್ದಾರೆ ಎನ್ನುವುದು ಆಗ ಅವರಿಗೆ ನೆನಪಿರುತ್ತಿರಲಿಲ್ಲ.

"ನನ್ನ ಈಗಿನ ಕಂಪ್ಯೂಟರಿನಲ್ಲಿ ನಮ್ಮ ನಾಯಕ ಒಂದು ಸಲ ಕಣ್ಣು ಮಿಟುಕಿಸಬೇಕು ಅಂದರೆ ಬೆಳಗಾಗುತ್ತೆ. ಕೊನೇ ದೃಶ್ಯದಲ್ಲಿ ಮೂವತ್ತೆರಡು ಹಲ್ಲೂ ಒಟ್ಟಿಗೆ ಅಳಬೇಕು. ಎರಡು ಪ್ರೊಸೆಸರ್ ಹಿಡಿಯೋ ಮದರ್‌ಬೋರ್ಡ್ ಇದೆಯಂತಲ್ಲ, ಅದು ಹಾಕಿಕೊಡಿ" ಎಂದಿದ್ದರು.

ಪೆಟ್ಟಿಗೆ ಬಿಚ್ಚಿದಾಗ ಮೂವರೂ ಮೇಜಿನ ಮೇಲೆ ಬಗ್ಗಿದರು. ಮಾಮೂಲಿ ಬೋರ್ಡು ಅದರ ಪಕ್ಕ ಚಿಕ್ಕ ಮಗುವಿನಂತೆ ಕಂಡಿತು. ನಡುವಿನಲ್ಲಿ ಪ್ರೊಸೆಸರ್ ಕೂರಿಸಲು ಅಂಗೈಯಗಲದ ಎರಡು ಸಾಕೆಟ್ಟು, ಒಂದೊಂದರ ಎರಡೂ ಬದಿಗೆ ಮೆಮೊರಿ ಕೂರಿಸುವ ಸಾಲು ಸಾಲು ಸಂದುಗಳು. ಸಾಕೆಟ್ಟಿನ ಮುಚ್ಚಳ ಸರಿಸಿದರೆ ಒಳಗೆ ಸಾವಿರಾರು ಮುಳ್ಳು, ಕೂದಲಿಗಿಂತ ಸಣ್ಣವು. ಅದರಲ್ಲಿ ಒಂದು ಬಾಗಿದರೂ ಬೋರ್ಡಿಗೆ ಎಳ್ಳುನೀರು. ಅಕ್ಕನ ಕೈ ತಾನಾಗಿ ಬೋರ್ಡಿನ ಈ ಅಂಚಿಗೆ ಬಂತು. ತಂಗಿಯ ಕೈ ಆ ಅಂಚಿಗೆ ಬಂತು. ಇಬ್ಬರೂ ಬಿಡಲಿಲ್ಲ.

"ರೀ, ಇದು ನನ್ನ ಅಂಗಡಿಗೆ ಬಂದ ಕೆಲಸ ಅಂತ ಹೇಳಿ."

"ಭಾವ, ಡಾಕ್ಟರು ಮೊದಲು ಮಾತಾಡಿದ್ದು ನನ್ನ ಹತ್ತಿರ ಅಂತ ಹೇಳಿ."

ಭಾವ ಬೋರ್ಡನ್ನು ನೋಡಿದರು. ಇಬ್ಬರನ್ನೂ ನೋಡಿದರು. ಅವರಿಗೆ ಕಂಪ್ಯೂಟರಿನ ವಿಷಯ ಅಷ್ಟಕ್ಕಷ್ಟೇ, ಆದರೆ ಎಣಿಸಲು ಬರುತ್ತಿತ್ತು. "ತಲೆ ಎರಡಿದೆಯಲ್ಲ. ಒಬ್ಬೊಬ್ಬರು ಒಂದೊಂದು ಮಾಡಿ" ಎಂದರು. ಇಡೀ ಜಗಳದಲ್ಲಿ ಅವರು ಆಡಿದ ಮೊದಲ ಸ್ವಂತ ಮಾತು ಅದು. ಅದರಿಂದಲೇ ಮುಂದಿನ ರಾದ್ಧಾಂತವೆಲ್ಲ ಆಯಿತು.

ಅಕ್ಕ ಮೇಜಿನ ನಡುವೆ, ಈಚೆ ಅಂಚಿನಿಂದ ಆಚೆ ಅಂಚಿಗೆ, ಒಂದು ಕಪ್ಪು ಟೇಪು ಅಂಟಿಸಿದಳು. ಬೋರ್ಡನ್ನು ಅದರ ಮೇಲೆ ಸರಿಯಾಗಿ ಅಡ್ಡಡ್ಡ ಮಲಗಿಸಿದಳು. ಎಡಗಡೆಯ ಪ್ರೊಸೆಸರ್, ಎಡಗಡೆಯ ಮೆಮೊರಿ, ಎಡಗಡೆಯ ಸ್ಕ್ರೂ ಅಕ್ಕನದು. ಬಲಗಡೆಯದೆಲ್ಲ ತಂಗಿಯದು. ಯಾರ ಕೈಯೂ ಟೇಪು ದಾಟಬಾರದು. ಎರಡು ದೇಶಗಳ ಗಡಿಯಲ್ಲಿ ಕೂಡ ಅಷ್ಟು ಶಿಸ್ತು ಇರುತ್ತದೋ ಇಲ್ಲವೋ. ಬಲಗಡೆ ಬಿದ್ದ ಅಕ್ಕನ ಒಂದು ಸ್ಕ್ರೂವನ್ನು ಭಾವ ಬಂದು ಎತ್ತಿ ಎಡಗಡೆಗೆ ದಾಟಿಸಬೇಕಾಯಿತು.

ಪ್ರೊಸೆಸರ್ ಕೂರಿಸುವ ಸರದಿ ತಂಗಿಗೆ ಬಂತು. ಇಂಥ ಬೋರ್ಡಿಗೆ ಅವಳು ಕೈ ಹಾಕಿದ್ದು ಇದೇ ಮೊದಲು. ಅಂಗೈ ಒರೆಸಿಕೊಂಡು, ಪ್ರೊಸೆಸರನ್ನು ಮುಳ್ಳುಗಳ ಮೇಲೆ ಇಳಿಸಿ, ಚೌಕಟ್ಟನ್ನು ಮುಚ್ಚಿ, ಸ್ಕ್ರೂ ಬಿಗಿ ಮಾಡಿದಳು. ಇನ್ನು ಪೇಸ್ಟು. ಅಷ್ಟರಲ್ಲಿ ಅಕ್ಕ ಊಟಕ್ಕೆಂದು ಒಳಕೋಣೆಗೆ ಹೋದಳು. ತಂಗಿ ಎಂದಿನಂತೆ ಕಾರ್ಡು ಕೈಗೆತ್ತಿಕೊಂಡಳು. ಎತ್ತಿಕೊಂಡವಳು ಹಾಗೇ ಕೂತಳು.

ಸವರಿದ್ದು ಹೆಚ್ಚಾಗಿ, ಅಂಚಿನಿಂದ ಜಾರಿ ಆ ಮುಳ್ಳುಗಳ ಒಳಗೆ ಇಳಿದರೆ? ಅಕ್ಕನ ಮಾತೇ ನಿಜವಾಗಿಬಿಟ್ಟರೆ? ಧೈರ್ಯವೆಲ್ಲ ಸಣ್ಣ ಮಷೀನುಗಳ ಮುಂದೆ ಸರಿ. ಹೆದರಿಕೆ ಹುಟ್ಟಿದ ಕೂಡಲೇ ಅವಳ ಕೈ ಎಲ್ಲ ವಾದವನ್ನೂ ಮರೆತು, ಶಾಲೆಯ ಯೂನಿಫಾರ್ಮಿನಲ್ಲಿ ಕಲಿತದ್ದನ್ನೇ ಮಾಡಿತು. ನಡುವೆ ಒಂದು ಬೊಟ್ಟು, ಅಷ್ಟೇ. ಒಳಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ತಂಗಿ ಕದ್ದವಳಂತೆ ಕೂಲರನ್ನು ದಡಬಡಿಸಿ ಮೇಲೆ ಕೂರಿಸಿ ಬಿಗಿದುಬಿಟ್ಟಳು. ಅಕ್ಕ ಬಂದಾಗ ಅವಳು ಖಾಲಿ ಕಾರ್ಡನ್ನು ಬಟ್ಟೆಯಲ್ಲಿ ಜೋರಾಗಿ ಒರೆಸುತ್ತಿದ್ದಳು.

ಆಮೇಲೆ ತಂಗಿ ಊಟಕ್ಕೆ ಹೋಗಿ ಬಂದಳು. ಬರುವಷ್ಟರಲ್ಲಿ ಅಕ್ಕನ ಕೂಲರೂ ಕೂತಿತ್ತು.

ಇನ್ನು ಗುಂಡಿ ಒತ್ತುವುದೊಂದೇ ಬಾಕಿ. ಭಾವನೇ ಒತ್ತಬೇಕೆಂದು ಇಬ್ಬರೂ, ಬೇರೆ ಬೇರೆಯಾಗಿ, ಅವರಿಗೇ ಹೇಳಿ ಕಳಿಸಿದರು. ಅವರು ದೇವರನ್ನು ನೆನೆದು ಒತ್ತಿದರು.

ಫ್ಯಾನುಗಳು ಒಂದು ಸುತ್ತು ತಿರುಗಿ ನಿಂತವು. ಬೋರ್ಡಿನ ಮೂಲೆಯಲ್ಲಿ ಒಂದು ಕೆಂಪು ದೀಪ ಹೊತ್ತಿತು. ಪರದೆ ಮಾತ್ರ ಕಪ್ಪಗೆ ಹಾಗೇ ಇತ್ತು. ಮತ್ತೆ ಒತ್ತಿದರೂ ಅಷ್ಟೇ.

"ರೀ, ಬಲಗಡೆ ಪೇಸ್ಟು ಬಳಿದು ಬಳಿದು ಸಾಕೆಟ್ಟಿನೊಳಗೇ ಇಳಿಸಿರಬೇಕು, ಕೂಲರ್ ಎತ್ತಿ ತೋರಿಸು ಅಂತ ಹೇಳಿ."

ಭಾವ ತಿರುಗಿದರು. "ನಿನ್ನ ಕೂಲರ್ ಒಂದು ಸಲ ನೋಡಬಹುದಾ ಅಂತಿದ್ದಾಳೆ."

ತಂಗಿಯ ಮುಖ ಕೆಂಪಾಯಿತು. ಎತ್ತಿದರೆ ಬೊಟ್ಟು ಕಾಣುತ್ತದೆ. ಇಷ್ಟು ದಿನ ಉಪವಾಸ ಕೂತ ಹಾಗೆ ಹಿಡಿದ ಹಟ ಮಣ್ಣುಪಾಲು. "ಸಾಧ್ಯವೇ ಇಲ್ಲ. ಮೊದಲು ಅವಳದನ್ನ ಎತ್ತಲಿ."

ವಿಚಿತ್ರವೆಂದರೆ ಅದನ್ನು ಕೇಳಿ ಅಕ್ಕನ ಮುಖವೂ ಕೆಂಪಾಯಿತು. "ನನ್ನದನ್ನ ಯಾಕೆ ಎತ್ತಬೇಕು? ನನ್ನದು ಸರಿಯಾಗೇ ಇದೆ!"

"ಸರಿಯಿದ್ದರೆ ತೋರಿಸೋಕೇನು ಕಷ್ಟ ಅಂತ ಕೇಳಿ ಭಾವ."

"ತನ್ನದನ್ನ ತೋರಿಸೋಕೆ ಏನು ಕಷ್ಟವಂತೆ ಕೇಳ್ರೀ."

"ಭಾವ, ಅಂಗಡಿ ಬಿಟ್ಟು ಹೋಗುವವಳ ಮೇಲೆ ಗೂಬೆ ಕೂರಿಸೋದು ಸುಲಭ ಅಂತ ಹೇಳಿ."

"ರೀ, ಹೋಗುವವರು ಕೆಲಸ ಕೆಡಿಸಿ ಹೋಗಬಾರದು ಅಂತ ಹೇಳಿ!"

ಭಾವ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಬಾಯಿ ತೆರೆದರು. ಧ್ವನಿಯ ಬದಲು ಒಂದು ಕೀರಲು ಮಾತ್ರ ಹೊರಟಿತು. ಕೆಮ್ಮಿದರು. ಆಮೇಲೆ, ಎಂದೂ ಜೋರಾಗಿ ಮಾತಾಡದ ಆ ಮನುಷ್ಯ, ಉಳಿದಿದ್ದ ಧ್ವನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದರು.

"ನಾನು ಮನುಷ್ಯ ಕಣ್ರೇ, ವೈರಲ್ಲ! ಡಾಕ್ಟರು ಇನ್ನೇನು ಬರ್ತಾರೆ. ನಾನು ಹೋಗಿ ಅವರನ್ನ ಸ್ವಲ್ಪ ಹೊತ್ತು ತಡೀತೀನಿ. ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ!"

ಬಾಗಿಲು ದಡಾರೆಂದು ಹಾಕಿಕೊಂಡಿತು. ಒಳಗೆ ಇಬ್ಬರೇ ಉಳಿದರು. ಗೋಡೆಯ ಫ್ಯಾನು ತಲೆಯಾಡಿಸುತ್ತಿತ್ತು.

ಮಾತಾಡಬೇಕು, ಆದರೆ ಮಾತಾಡುವಂತಿಲ್ಲ. ಕೊನೆಗೆ ಅಕ್ಕ ಬೋರ್ಡಿನ ಕಡೆ ಬಗ್ಗಿ, ಬೋರ್ಡಿಗೇ ಹೇಳಿದಳು:

"ನೋಡಪ್ಪ, ನಿನಗೆ ಗುಣವಾಗಬೇಕು ಅಂದರೆ ಬಲಗಡೆಯವರು ಸ್ವಲ್ಪ ಮನಸ್ಸು ಮಾಡಬೇಕು."

ತಂಗಿಯೂ ಬೋರ್ಡಿಗೇ ಬಗ್ಗಿದಳು. "ಎಡಗಡೆಯವರು ಹಿರಿಯರಲ್ಲವೇನಪ್ಪ? ಅವರೇ ಮೊದಲು ದಾರಿ ತೋರಿಸಲಿ."

"ಹಿರಿಯರು ಅನ್ನೋದು ಈಗ ನೆನಪಾಯಿತು ನೋಡಪ್ಪ ಇವರಿಗೆ. ಹಕ್ಕಿ ಅಂದಾಗ ನೆನಪಾಗಲಿಲ್ಲ."

"ಸುಣ್ಣ ಅಂದಿದ್ದು ಯಾರು ಕೇಳಪ್ಪ!"

ಬೋರ್ಡು ಪಾಪ ಕೆಂಪು ದೀಪ ಹೊತ್ತಿಸಿಕೊಂಡು ಕೇಳುತ್ತಿತ್ತು. ಕಿಟಕಿಯಾಚೆ ಹೋಗುತ್ತಿದ್ದ ಹೆಂಗಸೊಬ್ಬಳು, ಇಬ್ಬರು ದೊಡ್ಡವರು ಒಂದು ಹಲಗೆಯನ್ನು ಬೈಯುತ್ತಿರುವುದನ್ನು ನೋಡಿ ನಿಂತು, ಮತ್ತೆ ನಡೆದಳು. ಅವಳ ನೋಟ ತಂಗಿಗೆ ತಾಗಿತು. ಥೂ, ಇದೆಂಥ ಬಾಳು ಎನ್ನಿಸಿಬಿಟ್ಟಿತು. ವಾರದ ಕೊನೆಗೆ ಹೋಗುವವಳಿಗೆ ಇನ್ನು ಯಾವ ಮಾನ? ಅವಳು ಸ್ವಿಚ್ಚು ಆರಿಸಿದಳು, ಸ್ಕ್ರೂ ಸಡಿಲಿಸಿದಳು, ಕೂಲರನ್ನು ಮೆಲ್ಲಗೆ ಆಚೀಚೆ ತಿರುಗಿಸಿ ಎತ್ತಿ ಪಕ್ಕಕ್ಕಿಟ್ಟಳು.

ಪ್ರೊಸೆಸರಿನ ನಡುವೆ ಪೇಸ್ಟು ದುಂಡಗೆ ಹರಡಿ ನಿಂತಿತ್ತು. ನಾಲ್ಕು ಮೂಲೆಯೂ ಬೋಳು. ಅದು ಬೊಟ್ಟಿಟ್ಟ ಪೇಸ್ಟು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ನೋಡಿದಳು. ಇನ್ನಷ್ಟು ಬಗ್ಗಿ ನೋಡಿದಳು. ತಂಗಿ ಕಣ್ಣು ಮುಚ್ಚಿಕೊಂಡು, ಬೀಳಲಿರುವ ಮಾತಿಗೆ ಕಾದಳು. ಸ್ಕ್ರೂ ತಿರುಗುವ ಸದ್ದು ಕೇಳಿಸಿತು. ಕಣ್ಣು ಬಿಟ್ಟರೆ ಅಕ್ಕ ತನ್ನ ಕೂಲರನ್ನು ಎತ್ತುತ್ತಿದ್ದಳು. ಎತ್ತಿದವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಎಡಗಡೆಯ ಪ್ರೊಸೆಸರಿನ ಮೇಲೆ ಪೇಸ್ಟು ಅಂಚಿನಿಂದ ಅಂಚಿಗೆ ತೆಳ್ಳಗೆ ಸವರಿತ್ತು. ಹೊಸಬರ ಕೈ, ಒಂದು ಕಡೆ ಸ್ವಲ್ಪ ದಪ್ಪ. ಆದರೂ ಮೂಲೆಗೆ ಮೂಲೆ ತುಂಬಿತ್ತು.

"ಮೂಲೆಗೆ ಹೋಗೇ ಇಲ್ಲ ಕಣೇ ನಿನ್ನದು" ಎಂದಳು ಅಕ್ಕ, ಗೋಡೆ ನೋಡುತ್ತಲೇ. "ಇಷ್ಟು ದೊಡ್ಡ ತಲೆಗೆ ಬೊಟ್ಟು ಸಾಲಲ್ಲ. ನೀನೇ ತಾನೇ ಹೇಳ್ತಿದ್ದಿದ್ದು? ನೀನು ಮಾಡಿದ ಮಷೀನುಗಳನ್ನ ನೀನು ಹೋದ ಮೇಲೆ ನಾನು ಹಾಕಿ ನೋಡ್ತಿದ್ದೆ. ನನ್ನವಕ್ಕಿಂತ ತಣ್ಣಗಿರ್ತಿದ್ದವು. ಹೊಟ್ಟೆ ಉರೀತಿತ್ತು."

ತಂಗಿಗೆ ತಕ್ಷಣ ಹೊಳೆಯಲಿಲ್ಲ. ಈ ಮಾತು ಬೋರ್ಡಿಗೆ ಹೇಳಿದ್ದಲ್ಲ. ಭಾವನಿಗೆ ಹೇಳಿದ್ದೂ ಅಲ್ಲ. 'ಕಣೇ' ಎಂದು ಕರೆಸಿಕೊಂಡದ್ದು ತಾನು.

"ನಾನು ಹೆದರಿಬಿಟ್ಟೆ ಅಕ್ಕ" ಎಂದಳು. "ಕಾರ್ಡು ಹಿಡಿದೆ, ಸವರೋಕೆ ಆಗಲಿಲ್ಲ. ನೀನು ಹೇಳಿಕೊಟ್ಟ ಹಾಗೆ ಹಾಕಿದೆ."

ಅಕ್ಕ ತಿರುಗಿ ಆ ಬೊಟ್ಟನ್ನು ಮತ್ತೊಮ್ಮೆ ನೋಡಿದಳು. ಅವಳ ತುಟಿ ಸೊಟ್ಟಗಾಯಿತು. "ಅದಕ್ಕೇ ಹಕ್ಕಿ ಹಾರಿಹೋದ ಹಾಗಿದೆ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ನಕ್ಕರು. ಅಂದು ಆ ಗಿರಾಕಿ ನಕ್ಕದ್ದು ಇದರ ಮುಂದೆ ಏನೂ ಅಲ್ಲ.

ಇಬ್ಬರೂ ಸೇರಿ ಎರಡು ತಲೆಯನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದರು. ಅಕ್ಕ ಪೇಸ್ಟಿನ ಕೊಳವೆಯನ್ನು ತಂಗಿಯ ಕೈಗಿಟ್ಟು, "ಎರಡಕ್ಕೂ ನೀನೇ ಹಚ್ಚು, ನಾನು ದೀಪ ಹಿಡೀತೀನಿ" ಎಂದಳು. ತಂಗಿ ಎರಡಕ್ಕೂ ಅಂಚಿನಿಂದ ಅಂಚಿಗೆ ಸವರಿದಳು. ಕೂಲರುಗಳು ಕೂತವು. ಗುಂಡಿ ಒತ್ತಿದರು.

ಮತ್ತೆ ಅದೇ ಕೆಂಪು ದೀಪ. ಕಪ್ಪು ಪರದೆ.

ಇಷ್ಟೆಲ್ಲ ರಾಜಿ ಆದ ಮೇಲೂ ಏಳದ ಬೋರ್ಡನ್ನು ಏನೆನ್ನಬೇಕು! ಅಕ್ಕ ಕೈಯಲ್ಲಿದ್ದ ದೀಪವನ್ನು ಬೋರ್ಡಿನ ಅಂಚಿನ ಮೇಲೆ ಹಾಯಿಸುತ್ತಾ ಹೋದಳು. ಎಡಗಡೆಯ ಮೇಲಿನ ಮೂಲೆಯಲ್ಲಿ ಕರೆಂಟು ಕೊಡುವ ಎರಡು ಸಂದುಗಳು ಅಕ್ಕಪಕ್ಕ ಇದ್ದವು. ಒಂದಕ್ಕೆ ವೈರು ಚುಚ್ಚಿತ್ತು. ಇನ್ನೊಂದು ಬಾಯಿ ತೆರೆದುಕೊಂಡು ಖಾಲಿ ಕೂತಿತ್ತು. ಅದಕ್ಕೆ ಹಾಕಬೇಕಾದ ವೈರು ಪಕ್ಕದಲ್ಲೇ ಸುರುಳಿ ಸುತ್ತಿಕೊಂಡು ಮಲಗಿತ್ತು.

"ಇದೇನೇ ಇದು? ಎರಡನೇ ಪ್ರೊಸೆಸರಿಗೆ ಕರೆಂಟೇ ಕೊಟ್ಟಿಲ್ಲ! ಅದು ನಿನ್ನ ಪ್ರೊಸೆಸರಿನ ವೈರು!"

"ಆದರೆ ಇರೋದು ನಿನ್ನ ಜಾಗದಲ್ಲಿ! ಟೇಪು ದಾಟಬಾರದು ಅಂದವಳು ಯಾರು? ನೀನು ಹಾಕಿರ್ತೀಯ ಅಂದುಕೊಂಡೆ!"

"ನಿನ್ನ ವೈರು ಮುಟ್ಟಿದರೆ ಮೈಮೇಲೆ ಬೀಳ್ತೀಯ ಅಂತ ನಾನು ಬಿಟ್ಟೆ!"

"ಕಣ್ಣೆದುರಿಗೆ ಖಾಲಿ ಕಂಡರೂ ಬಿಟ್ಟೆಯಾ? ನಿನಗೆ ಬುದ್ಧಿ ಎಲ್ಲಿ ಹೋಗಿತ್ತು ಅಕ್ಕ?"

"ನನಗೇ ಬುದ್ಧಿ ಕೇಳ್ತೀಯಾ, ಮೂದೇವಿ!"

ಆಹಾ, ಎಂಥ ಜಗಳ ಅದು! ನಡುವೆ ಯಾರೂ ಇಲ್ಲದ, ಸೋಸದ, ಬಿಸಿಬಿಸಿ ಜಗಳ. ಅಷ್ಟು ದಿನ ಹೊಟ್ಟೆಯಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಬಂತು. ಬೈಯುತ್ತಲೇ ಅಕ್ಕ ಟೇಪನ್ನು ಚರ್ರೆಂದು ಕಿತ್ತೆಸೆದಳು, ಬೈಯುತ್ತಲೇ ತಂಗಿ ವೈರನ್ನು ಸಂದಿಗೆ ಒತ್ತಿದಳು. ಗುಂಡಿ ಒತ್ತಿದಾಗಲೂ ಬೈಗುಳ ಮುಗಿದಿರಲಿಲ್ಲ. ಕೆಂಪು ದೀಪ ಹೊತ್ತಲಿಲ್ಲ. ಫ್ಯಾನುಗಳೆಲ್ಲ ಒಟ್ಟಿಗೆ ಮೊರೆದವು. ಪರದೆ ಇನ್ನೂ ಕಪ್ಪಗಿತ್ತು. ಇಂಥ ಬೋರ್ಡು ಮೊದಲ ಸಲ ಏಳುವಾಗ ತನ್ನ ಮೆಮೊರಿಯನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತದೆ, ಅವಸರ ಮಾಡಿದರೆ ಕೆಡುತ್ತದೆ. ತಂಗಿಯ ಕೈ ಸ್ವಿಚ್ಚಿನ ಕಡೆ ಹೋದಾಗ ಅಕ್ಕ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. ಇಬ್ಬರೂ ಹಾಗೇ ಕೈ ಹಿಡಿದುಕೊಂಡು ಕಾದರು. ಕೊನೆಗೆ ಪರದೆ ಬೆಳಗಿತು. ಎರಡು ಪ್ರೊಸೆಸರುಗಳ ಹೆಸರೂ ಒಂದರ ಕೆಳಗೊಂದು ಬಂದು ನಿಂತವು.

ಅದೇ ಹೊತ್ತಿಗೆ ಭಾವ ಹಲ್ಲಿನ ಡಾಕ್ಟರನ್ನು ಕರೆದುಕೊಂಡು ಒಳಗೆ ಬಂದರು. ಡಾಕ್ಟರು ಪರದೆ ನೋಡಿ ಚಪ್ಪಾಳೆ ತಟ್ಟಿದರು. ಭಾವ ನೋಡಿದ್ದು ಹಿಡಿದುಕೊಂಡಿದ್ದ ಎರಡು ಕೈಗಳನ್ನು.

ತಂಗಿಗೆ ಇನ್ನು ತಡೆಯಲಾಗಲಿಲ್ಲ. "ಅಕ್ಕ, ನನಗೆ ಆ ಮಳಿಗೆಗೆ ಹೋಗೋಕೆ ಇಷ್ಟ ಇಲ್ಲ."

"ಇಷ್ಟ ಇಲ್ಲದೆ ಮತ್ತೆ ಯಾಕೆ ಹೊರಟೆ?"

"ನೀನು ಬೇಡ ಅನ್ನಲಿಲ್ಲ."

"ಅನ್ನಲಿಲ್ಲವಾ? ಊಟದ ತಟ್ಟೆ ಬಿಟ್ಟು ಎದ್ದು ಕೂಗಾಡಿದೆನಲ್ಲೇ! ಅವಳು ಅಂಗಡಿ ಬಿಟ್ಟು ಹೊಸ್ತಿಲು ದಾಟಿದರೆ ಕಾಲು ಮುರಿದು ಕೂರಿಸ್ತೀನಿ ಅಂತ ಹೇಳಿ ಅಂದೆ. ಇವರು ಬಂದು ಹೇಳಲಿಲ್ಲವಾ?"

ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಭಾವನ ಕಡೆ ತಿರುಗಿದರು. ಭಾವ ಒಂದು ಹೆಜ್ಜೆ ಹಿಂದೆ ಸರಿದರು. ಡಾಕ್ಟರೂ ಸರಿದರು.

"ಅದು... ಕಾಲು ಮುರಿಯೋದು ಅಂದರೆ ತುಂಬಾ ಒರಟಾಯಿತು ಅನ್ನಿಸಿತು" ಎಂದರು ಭಾವ, ಉಳಿದಿದ್ದ ಚೂರುಪಾರು ಧ್ವನಿಯಲ್ಲಿ. "ಪಾಪ, ಹೊರಡೋ ಹುಡುಗಿಗೆ ಯಾಕೆ ನೋವು ಮಾಡಬೇಕು ಅಂತ... ಸ್ವಲ್ಪ ನಯ ಮಾಡಿ ಹೇಳಿದೆ."

ನಯ ಮಾಡಿದ್ದರಂತೆ! ಸಿಟ್ಟನ್ನು ಸೋಸುವ ಭರದಲ್ಲಿ ಆ ಪುಣ್ಯಾತ್ಮ ಅದರೊಳಗಿದ್ದ ಪ್ರೀತಿಯನ್ನೆಲ್ಲ ಚರಂಡಿಗೆ ಚೆಲ್ಲಿಬಿಟ್ಟಿದ್ದರು. ತಂಗಿಗೆ ಅವರ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಕಾಲು ಮುರಿದು ಕೂರಿಸ್ತೀನಿ ಎಂಬ ಆ ಮಾತು ಅವಳ ಎದೆಯೊಳಗೆ ಹೋಗಿ ಕೂತುಬಿಟ್ಟಿತ್ತು, ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

"ಇನ್ನೊಂದು ಸಲ ಹೇಳು ಅಕ್ಕ."

"ಏನನ್ನ?"

"ಅದೇ. ಭಾವನಿಗೆ ಹೇಳಿದ್ದು. ನನಗೇ ಹೇಳು."

ಅಕ್ಕ ಡಾಕ್ಟರನ್ನು ನೋಡಿದಳು, ಗಂಡನನ್ನು ನೋಡಿದಳು, ಯಾರಿದ್ದರೇನು ಎಂದುಕೊಂಡಳು. ಸೊಂಟಕ್ಕೆ ಕೈಯಿಟ್ಟು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡೇ, ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು: "ಹೊಸ್ತಿಲು ದಾಟಿದರೆ ಕಾಲು ಮುರಿದು ಕೂರಿಸ್ತೀನಿ!"

ಡಾಕ್ಟರು ಗಾಬರಿಯಿಂದ ಭಾವನ ಮುಖ ನೋಡಿದರು. ಏನೋ ಸಮಾಧಾನ ಹೇಳಲು ಭಾವನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಹಾಗೇ ಮುಚ್ಚಿಕೊಂಡಿತು.

ತಂಗಿ ಆಗಲೇ ಫೋನು ಕಿವಿಗಿಟ್ಟುಕೊಂಡು ಆಚೆ ಬದಿಗೆ ಹೋಗಿದ್ದಳು. ಮಳಿಗೆಯ ಮಾಲೀಕನಿಗೆ ಬೀಗದ ಕೈ ಬೇಡ ಎಂದಳು. ಯಾಕಮ್ಮ, ಏನಾದರೂ ತೊಂದರೆಯಾ ಎಂದು ಅವನು ಕೇಳಿರಬೇಕು.

"ಬರೋ ಹಾಗಿಲ್ಲ ಸಾರ್" ಎಂದಳು ಅವಳು. ಹೆಮ್ಮೆಯಿಂದ ಅವಳ ಧ್ವನಿ ಅಂಗಡಿ ತುಂಬ ಕೇಳಿಸಿತು. "ಬಂದರೆ ನಮ್ಮಕ್ಕ ನನ್ನ ಕಾಲು ಮುರೀತಾಳಂತೆ."